ಕ್ಲೌಡ್ ಮತ್ತು ಎಡ್ಜ್: ಯಾವ ತೀರ್ಮಾನ ಎಲ್ಲಿ ಆಗಬೇಕು?

2025ರ ಅಕ್ಟೋಬರ್ 20ರಂದು ಅಮೆಜಾನಿನ ಕ್ಲೌಡ್ ವಿಭಾಗವಾದ ಅಮೆಜಾನ್ ವೆಬ್ ಸರ್ವೀಸಸ್‌ನ ಉತ್ತರ ವರ್ಜೀನಿಯಾ ವಲಯದಲ್ಲಿ ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆಯ ಡಿಎನ್‌ಎಸ್ ದಾಖಲೆ (ಸೇವೆಯ ಹೆಸರಿಗೆ ಅದರ ಜಾಲವಿಳಾಸ ತಿಳಿಸುವ ನಮೂದು) ಖಾಲಿಯಾಯಿತು. ಈ ದಾಖಲೆಗಳನ್ನು ತಾನಾಗಿ ಪರಿಷ್ಕರಿಸುವ ವ್ಯವಸ್ಥೆಯ ಎರಡು ಭಾಗಗಳು ಒಂದೇ ಹೊತ್ತಿಗೆ ಒಂದೇ ದಾಖಲೆಯನ್ನು ತಿದ್ದಲು ಹೋದದ್ದು ಅದಕ್ಕೆ ಕಾರಣ. ಸೇವೆಯ ವಿಳಾಸವೇ ಯಾರಿಗೂ ಸಿಗದಾಯಿತು, ಅದನ್ನು ನಂಬಿಕೊಂಡಿದ್ದ ಬೇರೆ ಸೇವೆಗಳು ಒಂದರ ಹಿಂದೊಂದು ಕುಸಿದವು, ಎಲ್ಲ ಸರಿಹೋಗಲು ಹಲವು ಗಂಟೆ ಹಿಡಿಯಿತು. ವೆಬ್‌ಸೈಟುಗಳು ನಿಂತದ್ದು ನಿರೀಕ್ಷಿತವೇ. ಯೋಚಿಸಬೇಕಾದದ್ದು ಮನೆಯೊಳಗಿನ ಸಾಧನಗಳ ಬಗ್ಗೆ. ತಾಪಮಾನ ಹೊಂದಿಸುವ ಕೆಲವು ಸ್ಮಾರ್ಟ್ ಹಾಸಿಗೆಗಳು ಆ ದಿನ ಮಾತು ಕೇಳಲಿಲ್ಲ. ಬಿಸಿ ಮಾಡುವ, ತಂಪು ಮಾಡುವ ಯಂತ್ರ ಹಾಸಿಗೆಯ ಪಕ್ಕದಲ್ಲೇ ಇತ್ತು, ಮಲಗಿದವರ ಫೋನ್ ಕೈಯಲ್ಲೇ ಇತ್ತು. ಆದರೆ ‘ಬಿಸಿ ಕಡಿಮೆ ಮಾಡು’ ಎಂಬ ಆದೇಶ ದೂರದ ಡೇಟಾ ಸೆಂಟರಿಗೆ ಹೋಗಿ ಬರಬೇಕಿತ್ತು.

ಕ್ಲೌಡ್ (ದೂರದ ಡೇಟಾ ಸೆಂಟರಿನ ಬಾಡಿಗೆ ಕಂಪ್ಯೂಟರ್) ಒಳ್ಳೆಯದೋ ಎಡ್ಜ್ (ಸಾಧನದಲ್ಲೇ ಅಥವಾ ಅದರ ಹತ್ತಿರ ನಡೆಯುವ ಲೆಕ್ಕಾಚಾರ) ಒಳ್ಳೆಯದೋ ಎಂಬ ಚರ್ಚೆ ಬಹಳ ಸಲ ದಾರಿ ತಪ್ಪುವುದು ಇಲ್ಲೇ. ಇಡೀ ವ್ಯವಸ್ಥೆಯನ್ನು ಒಂದು ಗಂಟು ಎಂದು ತಿಳಿದು ಅದನ್ನು ಎಲ್ಲಿಡಬೇಕು ಎಂದು ಕೇಳುತ್ತೇವೆ. ಆದರೆ ಒಂದು ವ್ಯವಸ್ಥೆಯಲ್ಲಿ ಹತ್ತಾರು ತೀರ್ಮಾನಗಳು ನಡೆಯುತ್ತವೆ. ಹೀಟರನ್ನು ಆರಿಸುವುದು ಒಂದು, ಈ ತಿಂಗಳ ಬಳಕೆಯ ವರದಿ ತಯಾರಿಸುವುದು ಇನ್ನೊಂದು. ಪ್ರತಿ ತೀರ್ಮಾನಕ್ಕೂ ಗಡುವು ಬೇರೆ, ಬೇಕಾದ ಮಾಹಿತಿ ಬೇರೆ, ತಪ್ಪಿದರೆ ಆಗುವ ನಷ್ಟ ಬೇರೆ. ಬಿಡಿಬಿಡಿಯಾಗಿ ನೋಡಿದರೆ ಯಾವುದು ಎಲ್ಲಿರಬೇಕೆಂಬುದು ಹೆಚ್ಚಿನ ಸಂದರ್ಭಗಳಲ್ಲಿ ತಾನಾಗಿಯೇ ಹೊಳೆಯುತ್ತದೆ.

ಎಷ್ಟು ದೂರದ ಎಡ್ಜ್?

ಕ್ಲೌಡ್ ಎಂದರೆ ಏನೆಂಬುದರಲ್ಲಿ ಈಗ ಗೊಂದಲ ಕಡಿಮೆ. 2006ರಲ್ಲಿ ಅಮೆಜಾನ್ ತನ್ನ ಎಸ್3 ಸಂಗ್ರಹ ಸೇವೆಯನ್ನೂ ಇಸಿ2 ಸರ್ವರ್ ಬಾಡಿಗೆಯನ್ನೂ ಶುರು ಮಾಡಿದ ಮೇಲೆ, ಬೇಕಾದಾಗ ಬೇಕಾದಷ್ಟು ಕಂಪ್ಯೂಟರ್ ಶಕ್ತಿ ಪಡೆದು ಬಳಸಿದ್ದಕ್ಕೆ ಮಾತ್ರ ಹಣ ಕೊಡುವ ಪದ್ಧತಿ ನೆಲೆಯೂರಿತು. ಎಡ್ಜ್ ವಿಚಾರಕ್ಕೂ ವಯಸ್ಸಾಗಿದೆ. 1998ರಲ್ಲಿ ಹುಟ್ಟಿದ ಅಕಾಮೈ ಕಂಪನಿ ವೆಬ್ ಪುಟಗಳ ಪ್ರತಿಗಳನ್ನು ಓದುಗರ ಹತ್ತಿರದ ಸರ್ವರ್‌ಗಳಲ್ಲಿ ಇಡತೊಡಗಿತು. 2009ರಲ್ಲಿ ಕಂಪ್ಯೂಟರ್ ವಿಜ್ಞಾನಿ ಮಹದೇವ್ ಸತ್ಯನಾರಾಯಣನ್ ಮತ್ತು ಸಂಗಡಿಗರು ಮೊಬೈಲ್ ಬಳಕೆದಾರರ ಪಕ್ಕದಲ್ಲೇ ಪುಟ್ಟ ಕ್ಲೌಡ್ ಇರಬೇಕೆಂದು ವಾದಿಸಿ ‘ಕ್ಲೌಡ್‌ಲೆಟ್’ ಪ್ರಬಂಧ ಪ್ರಕಟಿಸಿದರು. 2014ರಲ್ಲಿ ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ ಎಟ್ಸಿ, ಮೊಬೈಲ್ ಜಾಲದ ಅಂಚಿನಲ್ಲಿ ಲೆಕ್ಕಾಚಾರ ನಡೆಸುವುದಕ್ಕೆ ಮಾನಕ ರೂಪಿಸಲು ಗುಂಪು ರಚಿಸಿತು.

ತೊಂದರೆ ಏನೆಂದರೆ ಇಂದು ಈ ಎಲ್ಲಕ್ಕೂ ಎಡ್ಜ್ ಎಂದೇ ಹೆಸರು. ಸೆನ್ಸರಿನೊಳಗಿನ ಮೈಕ್ರೋಕಂಟ್ರೋಲರ್ ಎಡ್ಜ್. ಹತ್ತಾರು ಸೆನ್ಸರುಗಳ ಮಾಹಿತಿ ಸೇರಿಸುವ ಗೇಟ್‌ವೇ ಎಡ್ಜ್. ಕಾರ್ಖಾನೆಯ ಹಿಂದಿನ ಕೋಣೆಯ ಎರಡು ಸರ್ವರ್ ಎಡ್ಜ್. ಊರಿನ ಇಂಟರ್ನೆಟ್ ವಿನಿಮಯ ಕೇಂದ್ರದಲ್ಲಿ ಅಕಾಮೈನಂಥ ಸಿಡಿಎನ್ (ವೆಬ್ ಪ್ರತಿಗಳನ್ನು ಓದುಗರ ಹತ್ತಿರ ಹಂಚಿಡುವ ಜಾಲ) ಕಂಪನಿ ಇಟ್ಟ ಯಂತ್ರವೂ ಎಡ್ಜ್. ಮಾರಾಟಗಾರರು ‘ಎಡ್ಜ್ ಪರಿಹಾರ’ ಎಂದಾಗ ಎರಡು ವಿಷಯ ಕೇಳಿ: ಆ ಯಂತ್ರಕ್ಕೂ ನನ್ನ ಸಾಧನಕ್ಕೂ ನಡುವೆ ಹೊರಗಿನ ಜಾಲ ಇದೆಯೇ? ಅದು ಕೆಟ್ಟರೆ ಯಾರು ಹೋಗಿ ಸರಿಪಡಿಸುತ್ತಾರೆ? ಹೊರಗಿನ ಜಾಲ ಇದ್ದರೆ ಸಂಪರ್ಕ ಕಡಿದಾಗ ಆ ಎಡ್ಜ್‌ನಿಂದ ಉಪಯೋಗವಿಲ್ಲ. ಇಲ್ಲದಿದ್ದರೆ ಅದನ್ನು ನೋಡಿಕೊಳ್ಳುವ ಹೊಣೆ ಬಹುಮಟ್ಟಿಗೆ ನಿಮ್ಮದೇ.

ಸಿಡಿಎನ್ ಮಟ್ಟದ ಎಡ್ಜ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ವೆಬ್ ಡೆವಲಪರುಗಳು ಇಲ್ಲಿ ಮತ್ತೆ ಮತ್ತೆ ಎಡವುತ್ತಾರೆ. ಕ್ಲೌಡ್‌ಫ್ಲೇರ್ ವರ್ಕರ್ಸ್‌ನಂಥ ಸೇವೆಗಳಲ್ಲಿ ನಿಮ್ಮ ಕೋಡ್ ಬಳಕೆದಾರರ ಹತ್ತಿರವೇ ಓಡುತ್ತದೆ, ಸರಿ. ಆದರೆ ಡೇಟಾಬೇಸ್ ಇನ್ನೂ 80 ಮಿಲಿಸೆಕೆಂಡ್ ದೂರದ ಒಂದೇ ವಲಯದಲ್ಲಿದ್ದು, ಕೋಡ್ ಒಂದಾದ ಮೇಲೆ ಒಂದರಂತೆ ಐದು ಸಲ ಅದನ್ನು ಪ್ರಶ್ನಿಸಿದರೆ 400 ಮಿಲಿಸೆಕೆಂಡ್ ಹೋಯಿತು. ಅದೇ ಕೋಡ್ ಡೇಟಾಬೇಸಿನ ಪಕ್ಕದಲ್ಲಿದ್ದರೆ ಬಳಕೆದಾರರಿಂದ ಒಂದು ಸಲದ 80, ಜೊತೆಗೆ ಐದು ಪ್ರಶ್ನೆಗೆ ಒಂದೊಂದು ಮಿಲಿಸೆಕೆಂಡ್, ಒಟ್ಟು 85. ಕೋಡನ್ನು ಹತ್ತಿರ ತಂದು ಡೇಟಾವನ್ನು ದೂರ ಬಿಟ್ಟರೆ ವೇಗ ಕಡಿಮೆಯಾಗುತ್ತದೆ. ಲಾಗಿನ್ ಟೋಕನ್ ಪರಿಶೀಲನೆ, ಬೇರೆ ವಿಳಾಸಕ್ಕೆ ಕಳಿಸುವ ರೀಡೈರೆಕ್ಟ್, ಕ್ಯಾಶ್‌ನಿಂದ (ಮೊದಲೇ ಉಳಿಸಿಟ್ಟ ಪ್ರತಿಯಿಂದ) ಕೊಡಬಹುದಾದ ಉತ್ತರ ಇಂಥವು ಮಾತ್ರ ಅಲ್ಲಿಗೆ ಒಗ್ಗುತ್ತವೆ.

ವಿಳಂಬದ ಲೆಕ್ಕ

ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ, ಅಂದರೆ ಮಿಲಿಸೆಕೆಂಡಿಗೆ 200 ಕಿಲೋಮೀಟರ್. ಸರ್ವರ್ 1,500 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿ ಬರಲು 15 ಮಿಲಿಸೆಕೆಂಡ್ ಬೇಕೇ ಬೇಕು, ಯಾವ ಸಾಫ್ಟ್‌ವೇರ್‌ನಿಂದಲೂ ಇದನ್ನು ಇಳಿಸಲಾಗದು. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ರೌಟರುಗಳಿವೆ, ಹೀಗಾಗಿ 30ರಿಂದ 40 ಆಗುವುದು ಸಾಮಾನ್ಯ. ಹೊಸ ಸಂಪರ್ಕವಾದರೆ ಸಂಪರ್ಕ ಹೂಡುವ ಟಿಸಿಪಿಗೆ ಒಂದು ಸುತ್ತು (ಒಮ್ಮೆ ಹೋಗಿ ಬರುವುದು), ಅದನ್ನು ಗೂಢಲಿಪಿಯಲ್ಲಿ ಭದ್ರಪಡಿಸುವ ಟಿಎಲ್‌ಎಸ್ 1.3ಕ್ಕೆ ಇನ್ನೊಂದು, ಕೇಳಿದ್ದಕ್ಕೆ ಉತ್ತರ ಬರಲು ಮತ್ತೊಂದು. ಒಂದು ಸುತ್ತಿಗೆ 40 ಎಂದರೆ ಮೊದಲ ಉತ್ತರಕ್ಕೇ 120 ಮಿಲಿಸೆಕೆಂಡ್. ಹಳೆಯ ಟಿಎಲ್‌ಎಸ್ 1.2 ಆದರೆ ಇನ್ನೊಂದು ಸುತ್ತು ಸೇರುತ್ತದೆ. ಸಂಪರ್ಕವನ್ನು ಮುಚ್ಚದೆ ತೆರೆದೇ ಇಡುವುದರಿಂದ ಸಿಗುವ ಲಾಭ ಎಷ್ಟೋ ಸಲ ಎಡ್ಜ್ ಸರ್ವರ್ ಕೊಳ್ಳುವುದರಿಂದಲೂ ಸಿಗುವುದಿಲ್ಲ. ಮೊದಲು ಅದನ್ನು ಮಾಡಿ, ಮತ್ತೆ ಅಳೆಯಿರಿ.

ಗಡುವು ನಿಜಕ್ಕೂ ಕಠಿಣವಾಗಿರುವ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಪ್ಯಾಕಿಂಗ್ ಸಾಲಿನ ಕನ್ವೇಯರ್ ಬೆಲ್ಟ್ ಸೆಕೆಂಡಿಗೆ 2 ಮೀಟರ್ ಓಡುತ್ತಿದೆ. 20 ಸೆಂಟಿಮೀಟರಿಗೊಂದು ಡಬ್ಬ, ಅಂದರೆ ಸೆಕೆಂಡಿಗೆ 10. ಕ್ಯಾಮೆರಾ ಪ್ರತಿ ಡಬ್ಬದ ಚಿತ್ರ ತೆಗೆಯಬೇಕು, ಎಐ ಮಾದರಿ ಅದನ್ನು ನೋಡಿ ದೋಷ ಇದೆಯೇ ಹೇಳಬೇಕು, ದೋಷ ಇದ್ದರೆ 40 ಸೆಂಟಿಮೀಟರ್ ಮುಂದಿರುವ ಗಾಳಿಯ ನಳಿಕೆ ಡಬ್ಬವನ್ನು ಹೊರಗೆ ತಳ್ಳಬೇಕು. 40 ಸೆಂಟಿಮೀಟರ್ ದಾಟಲು 200 ಮಿಲಿಸೆಕೆಂಡ್, ಅಷ್ಟೇ ನಮ್ಮ ಕೈಲಿರುವ ಸಮಯ. ಚಿತ್ರ ತೆಗೆದು ಓದಿಕೊಳ್ಳಲು 20, ಮಾದರಿಗೆ 30, ವಾಲ್ವ್ ತೆರೆಯಲು 40 ಎಂದಿಟ್ಟುಕೊಂಡರೆ ಉಳಿದದ್ದು 110.

ಸುತ್ತಿನ ವಿಳಂಬ 40 ತಾನೇ, ಕ್ಲೌಡ್ ಸಾಕಲ್ಲ ಎನಿಸುತ್ತದೆ. ಆದರೆ 500 ಕಿಲೋಬೈಟ್‌ನ ಚಿತ್ರ ಎಂದರೆ 4 ಮೆಗಾಬಿಟ್. 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಅಪ್‌ಲೋಡ್ ಸಂಪರ್ಕದಲ್ಲಿ ಅದನ್ನು ಕಳಿಸುವುದಕ್ಕೇ 200 ಮಿಲಿಸೆಕೆಂಡ್ ಹೋಗುತ್ತದೆ, ದೂರದ ಮಾತು ಆಮೇಲೆ. ಸೆಕೆಂಡಿಗೆ 10 ಚಿತ್ರವಾದರೆ 40 ಎಂಬಿಪಿಎಸ್ ಬೇಕು, ಸಂಪರ್ಕ ಅದರ ಅರ್ಧದಷ್ಟೇ ಇದೆ. ಚಿತ್ರವನ್ನು 100 ಕಿಲೋಬೈಟಿಗೆ ಕುಗ್ಗಿಸಿದರೆ ಕಳಿಸಲು 40, ಸುತ್ತಿಗೆ 40, ಒಟ್ಟು ಲೆಕ್ಕ 170. ಕಾಗದದ ಮೇಲೆ ಗೆದ್ದೆವು.

ಬೆಲ್ಟಿನ ಮೇಲೆ ಮಾತ್ರ ಸೋಲುತ್ತೇವೆ, ಏಕೆಂದರೆ 40 ಎಂಬುದು ಸರಾಸರಿ. ಜಾಲದಲ್ಲಿ ದಟ್ಟಣೆ ಬಂದಾಗ, ಒಂದು ಪ್ಯಾಕೆಟ್ ಕಳೆದು ಮತ್ತೆ ಕಳಿಸಬೇಕಾದಾಗ ಅದು 300 ಆಗುತ್ತದೆ. ನೂರರಲ್ಲಿ ಒಂದೇ ಸಲ ಹಾಗಾದರೂ, ಗಂಟೆಗೆ 36,000 ಡಬ್ಬ ಹೋಗುವ ಸಾಲಿನಲ್ಲಿ 360 ಡಬ್ಬಗಳಿಗೆ ತೀರ್ಪು ತಡವಾಗಿ ಬರುತ್ತದೆ. ಬಂದಾಗ ನಳಿಕೆಯ ಮುಂದೆ ಬೇರೆ ಡಬ್ಬ ಇರುತ್ತದೆ! ಅದೇ ಮಾದರಿಯನ್ನು ಬೆಲ್ಟಿನ ಪಕ್ಕದ ಬಾಕ್ಸ್‌ನಲ್ಲಿ ಓಡಿಸಿ ಕ್ಯಾಮೆರಾವನ್ನು ಗಿಗಾಬಿಟ್ ಕೇಬಲ್‌ನಲ್ಲಿ ಜೋಡಿಸಿದರೆ ಕುಗ್ಗಿಸದ ಚಿತ್ರ ಸಾಗಲು 4 ಮಿಲಿಸೆಕೆಂಡ್ ಸಾಕು. ಹಾಗಾಗಿ ಅಳೆಯುವಾಗ ಸರಾಸರಿಯನ್ನು ಬದಿಗಿಟ್ಟು 99ನೇ (ನೂರರಲ್ಲಿ 99 ಸಲ ವಿಳಂಬ ಮೀರದ ಅಂಕಿ), ಸಾಧ್ಯವಾದರೆ 99.9ನೇ ಪರ್ಸೆಂಟೈಲ್ ನೋಡಿ, ಅದೂ ಕೆಲಸದ ವೇಳೆಯಲ್ಲಿ, ಒಂದು ವಾರವಾದರೂ. ಇನ್ನೊಂದು ಪ್ರಶ್ನೆಗೆ ಉತ್ತರ ಮೊದಲೇ ಬರೆದಿಡಬೇಕು: ತೀರ್ಪು ಸಮಯಕ್ಕೆ ಬರದಿದ್ದರೆ ಡಬ್ಬವನ್ನು ಬಿಡಬೇಕೋ ತಳ್ಳಬೇಕೋ? ಔಷಧಿಯಾದರೆ ತಳ್ಳಬೇಕು, ಮೊಳೆಯಾದರೆ ಬಿಡಬಹುದು. ಇದನ್ನು ಯಾರೂ ನಿರ್ಧರಿಸದಿದ್ದರೆ ಪ್ರೋಗ್ರಾಮರ್ ಬರೆದ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕೆಂಬ) ಸಾಲು ನಿರ್ಧರಿಸಿಬಿಡುತ್ತದೆ.

ಕಳಿಸುವುದೆಷ್ಟು, ಬಿಡುವುದೆಷ್ಟು

ವಿಳಂಬದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಎಷ್ಟೋ ಯೋಜನೆಗಳನ್ನು ಎಡ್ಜ್ ಕಡೆ ತಳ್ಳುವುದು ಡೇಟಾದ ಗಾತ್ರ. 1080ಪಿ ಗುಣಮಟ್ಟದ ಒಂದು ನಿಗಾ ಕ್ಯಾಮೆರಾ ಸುಮಾರು 4 ಎಂಬಿಪಿಎಸ್ ಹರಿಸುತ್ತದೆ ಎನ್ನೋಣ. ದಿನಕ್ಕೆ 43 ಗಿಗಾಬೈಟ್ ಆಯಿತು. 50 ಕ್ಯಾಮೆರಾ ಇದ್ದರೆ 200 ಎಂಬಿಪಿಎಸ್ ಅಪ್‌ಲೋಡ್ ಹಗಲೂ ರಾತ್ರಿ ಬೇಕು, ದಿನಕ್ಕೆ ಎರಡು ಟೆರಾಬೈಟ್‌ಗೂ ಹೆಚ್ಚು. ಅದರಲ್ಲಿ ಬಹುಪಾಲು ಖಾಲಿ ಓಣಿಯ ಚಿತ್ರ. ಸ್ಥಳದಲ್ಲೇ ಚಲನೆ ಗುರುತಿಸಿ, ಘಟನೆಯೊಂದಕ್ಕೆ 10 ಸೆಕೆಂಡಿನ ತುಣುಕು ಕಳಿಸಿದರೆ ತುಣುಕಿಗೆ 5 ಮೆಗಾಬೈಟ್. ದಿನಕ್ಕೆ 50 ಘಟನೆ ಆದರೂ ಕ್ಯಾಮೆರಾ ಒಂದಕ್ಕೆ 250 ಮೆಗಾಬೈಟ್.

ಯಂತ್ರದ ಕಂಪನ ಅಳೆಯುವ ಸೆನ್ಸರ್ ಕೂಡ ಹೀಗೆಯೇ. ಮೂರು ಅಕ್ಷ, 16 ಬಿಟ್, ಸೆಕೆಂಡಿಗೆ 10,000 ಅಳತೆ: ಸೆಕೆಂಡಿಗೆ 60 ಕಿಲೋಬೈಟ್, ದಿನಕ್ಕೆ 5 ಗಿಗಾಬೈಟ್. ಗೇಟ್‌ವೇನಲ್ಲೇ ಎಫ್‌ಎಫ್‌ಟಿ (ಕಂಪನವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಮಾಡಿ ಪ್ರತಿ ಸೆಕೆಂಡಿಗೆ ಆರ್‌ಎಂಎಸ್ (ಒಂದು ಬಗೆಯ ಸರಾಸರಿ ತೀವ್ರತೆ), ಗರಿಷ್ಠ ಮೌಲ್ಯ, ಕೆಲವು ಆವರ್ತನ ಪಟ್ಟಿಗಳ ಶಕ್ತಿ ಎಂದು 200 ಬೈಟ್ ಕಳಿಸಿದರೆ ದಿನಕ್ಕೆ 17 ಮೆಗಾಬೈಟ್.

ಇಲ್ಲೊಂದು ಅಪಾಯ ಇದೆ. ಎಸೆದದ್ದು ಮತ್ತೆ ಸಿಗುವುದಿಲ್ಲ. ಆರು ತಿಂಗಳ ನಂತರ ಬೇರಿಂಗ್ ಒಡೆದು, ಅದರ ಮುನ್ಸೂಚನೆ ನೀವು ಸಾರಾಂಶಕ್ಕೆ ಸೇರಿಸದ ಆವರ್ತನದಲ್ಲಿತ್ತು ಎಂದು ತಜ್ಞರು ಹೇಳಿದರೆ ಹಿಂದಕ್ಕೆ ಹೋಗಿ ನೋಡಲು ಏನೂ ಇರುವುದಿಲ್ಲ. ಆದ್ದರಿಂದ ಕಚ್ಚಾ ಡೇಟಾವನ್ನು ಸ್ಥಳೀಯ ಡಿಸ್ಕ್‌ನಲ್ಲಿ ಕನಿಷ್ಠ ಮೂರು ದಿನ ಸುತ್ತು ಬಫರ್‌ನಲ್ಲಿ (ತುಂಬಿದಾಗ ಹಳೆಯದರ ಮೇಲೆ ಹೊಸದನ್ನು ಬರೆಯುವ ಜಾಗ) ಇಟ್ಟುಕೊಳ್ಳಿ, ಮಿತಿ ಮೀರಿದ ಕ್ಷಣದ ಹಿಂದುಮುಂದಿನ ಒಂದೊಂದು ನಿಮಿಷವನ್ನು ಇಡಿಯಾಗಿ ಕ್ಲೌಡ್‌ಗೆ ಕಳಿಸಿ. ಏನೂ ಆಗದ ಹೊತ್ತಿನದ್ದನ್ನೂ ದಿನಕ್ಕೆ ಒಂದೆರಡು ನಿಮಿಷ ಕಳಿಸಿ. ಯಂತ್ರ ಸರಿಯಾಗಿದ್ದಾಗ ಹೇಗಿರುತ್ತದೆ ಎಂಬ ದಾಖಲೆ ಇಲ್ಲದೆ ಮುಂದೆ ಯಾವ ಮಾದರಿಯನ್ನೂ ತರಬೇತುಗೊಳಿಸಲು ಆಗುವುದಿಲ್ಲ.

ಸಂಪರ್ಕ ಕಡಿದಾಗ, ಮತ್ತೆ ಬಂದಾಗ

ಕ್ಲೌಡ್ ಸೇವೆ 99.9 ಶೇಕಡ ಲಭ್ಯ ಎಂದರೆ ತಿಂಗಳಿಗೆ 43 ನಿಮಿಷ ಇಲ್ಲದಿರಬಹುದು. ನಿಮ್ಮ ಸ್ಥಳದ ಇಂಟರ್ನೆಟ್ 99.5 ಶೇಕಡ ಎಂದರೆ ತಿಂಗಳಿಗೆ 3 ಗಂಟೆ 36 ನಿಮಿಷ. ಸೋರುವುದು ಹೆಚ್ಚಾಗಿ ಕೊನೆಯ ಕೇಬಲ್‌ನಲ್ಲಿ, ಕ್ಲೌಡ್‌ನಲ್ಲಿ ಅಲ್ಲ. ಎರಡನೆಯ ಸಂಪರ್ಕ ತೆಗೆದುಕೊಳ್ಳುವಾಗ ಅದು ಬೇರೆ ದಾರಿಯಲ್ಲಿ ಬರುತ್ತದೆಯೇ ನೋಡಿ. ಎರಡು ಕಂಪನಿಗಳ ಫೈಬರ್ ಒಂದೇ ಕಾಲುವೆಯಲ್ಲಿ ಮಲಗಿದ್ದರೆ ಒಂದೇ ಜೆಸಿಬಿ ಎರಡನ್ನೂ ಕಡಿಯುತ್ತದೆ.

ಕಡಿದಾಗ ಡೇಟಾವನ್ನು ಸ್ಥಳೀಯವಾಗಿ ಕೂಡಿಟ್ಟು ಆಮೇಲೆ ಕಳಿಸುವ ವ್ಯವಸ್ಥೆಯನ್ನು ಎಲ್ಲರೂ ಬರೆಯುತ್ತಾರೆ. ಮತ್ತೆ ಬಂದಾಗ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕುವವರು ಕಡಿಮೆ. 200 ಸೆನ್ಸರ್, ಸೆಕೆಂಡಿಗೊಂದು ಓದು, ಓದಿಗೆ 100 ಬೈಟ್: ಸೆಕೆಂಡಿಗೆ 20 ಕಿಲೋಬೈಟ್. ಮೂರು ದಿನ ಸಂಪರ್ಕ ಇಲ್ಲದಿದ್ದರೆ 5.2 ಗಿಗಾಬೈಟ್ ಕೂಡುತ್ತದೆ, ಯಾವ ಡಿಸ್ಕ್‌ಗೂ ಅದು ಹೊರೆಯಲ್ಲ. ಆದರೆ ಮರಳಿ ಬಂದ ಸಂಪರ್ಕ ಸೆಕೆಂಡಿಗೆ 64 ಕಿಲೋಬೈಟ್ ಮಾತ್ರ ಸಾಗಿಸಿದರೆ, ಅದರಲ್ಲಿ 20 ಹೊಸ ಡೇಟಾಕ್ಕೇ ಬೇಕು. ಉಳಿದ 44ರಲ್ಲಿ ಹಳೆಯ ರಾಶಿ ಕರಗಲು ಸುಮಾರು 33 ಗಂಟೆ. ಹಳೆಯದನ್ನು ಮೊದಲು ಕಳಿಸುವ ಸರದಿ ಇದ್ದರೆ ಆ 33 ಗಂಟೆಯೂ ನಿಯಂತ್ರಣ ಕೊಠಡಿಯ ಪರದೆಯಲ್ಲಿ ಹಳಸಿದ ಅಂಕಿಗಳೇ ಕಾಣುತ್ತವೆ. ಹೊಸ ಓದಿಗೆ ಒಂದು ಸರದಿ, ಹಳೆಯ ರಾಶಿಗೆ ಇನ್ನೊಂದು ಸರದಿ ಮಾಡಿ, ಎಚ್ಚರಿಕೆ ಸಂದೇಶಗಳಿಗೆ ಮೂರನೆಯದು. ನೂರಾರು ಸ್ಥಳಗಳು ಒಟ್ಟಿಗೇ ಮರಳಿ ಬಂದರೆ ಸರ್ವರ್ ಮುಗ್ಗರಿಸದಂತೆ ಪ್ರತಿ ಸಾಧನವೂ ಮರುಪ್ರಯತ್ನದ ನಡುವಿನ ಕಾಲವನ್ನು ದ್ವಿಗುಣಗೊಳಿಸುತ್ತ, ಅದಕ್ಕೆ ಒಂದಷ್ಟು ಯಾದೃಚ್ಛಿಕ ಸೆಕೆಂಡು ಸೇರಿಸುತ್ತ ಹೋಗಬೇಕು.

ಎಂಕ್ಯೂಟಿಟಿ ಎಂಬ ಸಂದೇಶ ರವಾನೆಯ ವಿಧಾನ 1999ರಲ್ಲಿ ಹುಟ್ಟಿದ್ದೇ ಉಪಗ್ರಹ ಸಂಪರ್ಕದ ಮೇಲೆ ತೈಲ ಕೊಳವೆಗಳ ಮಾಹಿತಿ ಕಳಿಸಲು, ಹೀಗಾಗಿ ಇಂಥ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ. ಆದರೆ ಅದರ ಕ್ಯೂಓಎಸ್ 1 ಎಂಬ ರವಾನೆ ಮಟ್ಟ ಕೊಡುವ ಭರವಸೆ ‘ಕನಿಷ್ಠ ಒಮ್ಮೆ’ ತಲುಪುತ್ತದೆ ಎಂಬುದಷ್ಟೇ, ಎರಡು ಸಲವೂ ತಲುಪಬಹುದು. ಪ್ರತಿ ಸಂದೇಶಕ್ಕೂ ಸಾಧನದ ಗುರುತು ಮತ್ತು ಕ್ರಮಸಂಖ್ಯೆ ಹಾಕಿ, ಎರಡನೆಯದನ್ನು ಡೇಟಾಬೇಸ್ ತಾನೇ ತಿರಸ್ಕರಿಸುವಂತೆ ಮಾಡಿ. ಸಮಯವನ್ನೂ ಎರಡು ಬಗೆಯಲ್ಲಿ ಬರೆದಿಡಿ: ಘಟನೆ ನಡೆದದ್ದು ಯಾವಾಗ, ಕ್ಲೌಡ್‌ಗೆ ಬಂದದ್ದು ಯಾವಾಗ.

ಇದಕ್ಕಿಂತ ಕಷ್ಟದ್ದು ಹಲವು ಸ್ಥಳಗಳು ಹಂಚಿಕೊಳ್ಳುವ ಡೇಟಾ. ಸಂಪರ್ಕ ಕಡಿದ ಎರಡು ಮಾರಾಟ ಕೇಂದ್ರಗಳು ಗೋದಾಮಿನ ಕೊನೆಯ ಒಂದು ವಸ್ತುವನ್ನು ಇಬ್ಬರಿಗೆ ಮಾರಬಹುದು. 2000ದಲ್ಲಿ ಕಂಪ್ಯೂಟರ್ ವಿಜ್ಞಾನಿ ಎರಿಕ್ ಬ್ರೂಯರ್ ಮುಂದಿಟ್ಟ, 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಸಾಧಿಸಿ ತೋರಿಸಿದ ಕ್ಯಾಪ್ ಪ್ರಮೇಯ ಹೇಳುವುದು ಇದನ್ನೇ: ಜಾಲ ಒಡೆದಾಗ ಒಂದೋ ವ್ಯಾಪಾರ ನಿಲ್ಲಿಸಬೇಕು, ಇಲ್ಲವೇ ಲೆಕ್ಕ ಸ್ವಲ್ಪ ಕಾಲ ತಾಳೆಯಾಗದಿರುವುದನ್ನು ಒಪ್ಪಬೇಕು. ಒಪ್ಪುವುದಾದರೆ ‘ಈಗ 7 ಉಳಿದಿವೆ’ ಎಂದು ಕಳಿಸಬೇಡಿ, ‘ಒಂದು ಕಡಿಮೆಯಾಯಿತು’ ಎಂದು ಕಳಿಸಿ. ಎರಡನೆಯ ರೀತಿಯ ಸಂದೇಶಗಳನ್ನು ಯಾವ ಕ್ರಮದಲ್ಲಿ ಕೂಡಿದರೂ ಮೊತ್ತ ಒಂದೇ. ಒಪ್ಪಲಾಗದ ಕಡೆ, ಉದಾಹರಣೆಗೆ ಖಾತೆಯ ಹಣದ ವಿಷಯದಲ್ಲಿ, ತೀರ್ಮಾನ ಕ್ಲೌಡ್‌ನಲ್ಲೇ ಇರಲಿ.

ಎಐ ಮಾದರಿಗಳು ಎಲ್ಲಿ ಓಡಬೇಕು

ಈ ಹಳೆಯ ಚರ್ಚೆಗೆ ಮತ್ತೆ ಕಾವು ಬಂದಿರುವುದು ಎಐನಿಂದ. ಚಿತ್ರ ಗುರುತಿಸುವ ಸಣ್ಣ ಮಾದರಿಗಳ ವಿಷಯ ಬಹುತೇಕ ಇತ್ಯರ್ಥವಾಗಿದೆ. 32 ಬಿಟ್ ತೂಕಗಳನ್ನು (ಮಾದರಿ ಕಲಿತಿಟ್ಟ ಸಂಖ್ಯೆಗಳು) 8 ಬಿಟ್‌ಗೆ ಇಳಿಸಿದರೆ ಗಾತ್ರ ಕಾಲು ಭಾಗವಾಗುತ್ತದೆ, 2 ವ್ಯಾಟ್‌ನಲ್ಲಿ ಸೆಕೆಂಡಿಗೆ 4 ಲಕ್ಷ ಕೋಟಿ ಲೆಕ್ಕ ಮಾಡುವ ಚಿಪ್‌ಗಳು ವರ್ಷಗಳಿಂದ ಸಿಗುತ್ತಿವೆ. ಇಳಿಸಿದ ಮೇಲೆ ನಿಖರತೆ ಎಷ್ಟು ಕುಗ್ಗಿತು ಎಂದು ನಿಮ್ಮ ಸ್ವಂತ ಚಿತ್ರಗಳ ಮೇಲೆ ಅಳೆಯದೆ ಮಾತ್ರ ಸ್ಥಳಕ್ಕೆ ಕಳಿಸಬೇಡಿ. ಒಟ್ಟು ಅಂಕ ಹೆಚ್ಚು ಬದಲಾಗದೆ, ಅಪರೂಪದ ದೋಷವೊಂದನ್ನು ಗುರುತಿಸುವ ಶಕ್ತಿ ಮಾತ್ರ ಪೂರ್ತಿ ಹೋಗಿರಬಹುದು.

ಭಾಷಾ ಮಾದರಿಗಳ ಲೆಕ್ಕ ಬೇರೆ. 700 ಕೋಟಿ ಪ್ಯಾರಾಮೀಟರ್‌ಗಳ, ಅಂದರೆ ಅಷ್ಟು ತೂಕಗಳ, ಮಾದರಿ 16 ಬಿಟ್‌ನಲ್ಲಿ 14 ಗಿಗಾಬೈಟ್, 4 ಬಿಟ್‌ಗೆ ಇಳಿಸಿದರೆ ಸುಮಾರು 3.5. ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಬರೆಯುವಾಗಲೂ ಈ ಎಲ್ಲ ತೂಕಗಳನ್ನು ಮೆಮೊರಿಯಿಂದ ಒಮ್ಮೆ ಓದಬೇಕು. ಸಾಧನದ ಮೆಮೊರಿ ಸೆಕೆಂಡಿಗೆ 50 ಗಿಗಾಬೈಟ್ ಕೊಡುತ್ತದೆಂದರೆ ಸೆಕೆಂಡಿಗೆ 14 ಟೋಕನ್ ಮಿತಿ. ಪ್ರೊಸೆಸರ್ ಎಷ್ಟೇ ವೇಗದ್ದಾಗಿದ್ದರೂ ಈ ಮಿತಿ ಬದಲಾಗದು. ಡೇಟಾ ಸೆಂಟರಿನ ಜಿಪಿಯುನಲ್ಲಿ ಮೆಮೊರಿ ಹತ್ತಾರು ಪಟ್ಟು ವೇಗ. ಅದಕ್ಕಿಂತ ಮುಖ್ಯವಾಗಿ, ತೂಕಗಳನ್ನು ಒಮ್ಮೆ ಓದಿ ಹತ್ತಾರು ಬಳಕೆದಾರರ ಟೋಕನ್‌ಗಳನ್ನು ಒಟ್ಟಿಗೇ ಲೆಕ್ಕ ಹಾಕಬಹುದು. ಒಬ್ಬರೇ ಬಳಸುವ ಸಾಧನಕ್ಕೆ ಈ ಅನುಕೂಲ ಇಲ್ಲ. ದೊಡ್ಡ ಮಾದರಿಗಳು ಕ್ಲೌಡ್‌ನಲ್ಲೇ ಅಗ್ಗವಾಗಲು ಇದು ದೊಡ್ಡ ಕಾರಣ. 2024ರಲ್ಲಿ ಆ್ಯಪಲ್ ಕಂಪನಿ ಸುಮಾರು 300 ಕೋಟಿ ಪ್ಯಾರಾಮೀಟರ್‌ಗಳ ಮಾದರಿಯನ್ನು ಫೋನಿನಲ್ಲೇ ಇಟ್ಟು, ಅದಕ್ಕೆ ಮೀರಿದ್ದನ್ನು ತನ್ನ ಸರ್ವರ್‌ಗಳಿಗೆ ಕಳಿಸುವ ವಿನ್ಯಾಸ ಆರಿಸಿಕೊಂಡದ್ದು ಈ ಹಂಚಿಕೆಯ ಒಳ್ಳೆಯ ಉದಾಹರಣೆ. ಮಾತು ಪಠ್ಯವಾಗಿಸುವುದು, ಸಣ್ಣ ಸಾರಾಂಶ, ಖಾಸಗಿ ಫೋಟೋಗಳಲ್ಲಿ ಹುಡುಕಾಟ ಸಾಧನದಲ್ಲಿರಲಿ. ಉದ್ದದ ದಾಖಲೆ, ಕಠಿಣ ತರ್ಕ ಮೇಲಕ್ಕೆ ಹೋಗಲಿ. ತರಬೇತಿಯಂತೂ ಕ್ಲೌಡ್‌ನದೇ ಕೆಲಸ.

ಎಡ್ಜ್‌ನ ನಿಜವಾದ ಬೆಲೆ

ಎಡ್ಜ್ ಬಗ್ಗೆ ಬರೆಯುವವರು ಇಲ್ಲಿಗೆ ಬರುವ ಮೊದಲೇ ಮಾತು ನಿಲ್ಲಿಸುತ್ತಾರೆ, ಆದರೆ ಯೋಜನೆಗಳು ಸೋಲುವುದು ಇಲ್ಲೇ. ಒಂದು ಬಾಕ್ಸ್ ಇಟ್ಟು ತೋರಿಸುವುದು ಸುಲಭ. ನಾನೂರು ಬಾಕ್ಸ್‌ಗಳನ್ನು ಐದು ವರ್ಷ ನಡೆಸುವುದು ಬೇರೆಯದೇ ಕಸುಬು.

ಮೊದಲು ಕೈಕೊಡುವುದು ಸಾಮಾನ್ಯವಾಗಿ ಮೆಮೊರಿ ಕಾರ್ಡ್. ಫ್ಲ್ಯಾಶ್ ಮೆಮೊರಿ ಬೈಟ್ ಲೆಕ್ಕದಲ್ಲಿ ಅಳಿಸುವುದಿಲ್ಲ, ದೊಡ್ಡ ಬ್ಲಾಕ್‌ಗಳಲ್ಲಿ ಅಳಿಸುತ್ತದೆ. 100 ಬೈಟ್‌ನ ಒಂದು ಲಾಗ್ ಸಾಲು ಬರೆಯಲು ಒಳಗೆ ಅದರ ಎಷ್ಟೋ ಪಟ್ಟು ಬರೆಯಬೇಕಾಗುತ್ತದೆ, ಹೀಗೆ ದಿನವಿಡೀ ಬರೆದರೆ ಕಾರ್ಡ್ ಬೇಗ ಸವೆಯುತ್ತದೆ. ಬರೆಯುವ ನಡುವೆ ವಿದ್ಯುತ್ ಹೋದರೆ ಫೈಲ್ ಸಿಸ್ಟಂ ಕೆಡಬಹುದು. ಸಿಸ್ಟಂ ಫೈಲುಗಳಿರುವ ರೂಟ್ ವಿಭಾಗವನ್ನು ಓದಲು ಮಾತ್ರ ಎಂದು ಮೌಂಟ್ ಮಾಡಿ, ಲಾಗ್‌ಗಳನ್ನು ರ‍್ಯಾಮ್‌ನಲ್ಲಿಟ್ಟು ಆಗಾಗ ಮಾತ್ರ ಡಿಸ್ಕಿಗೆ ಇಳಿಸಿ, ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಒಂದೊಂದೇ ಸಾಲು ಸೇರಿಸುವ ಬದಲು 10 ಸೆಕೆಂಡಿನವನ್ನು ಒಂದೇ ವಹಿವಾಟಿನಲ್ಲಿ ಬರೆಯಿರಿ. ಡೇಟಾ ಮುಖ್ಯವಾದರೆ ವಿದ್ಯುತ್ ಹೋದಾಗ ಬರಹ ಮುಗಿಸುವಷ್ಟು ಕೆಪಾಸಿಟರ್ ಇರುವ ಎಸ್‌ಎಸ್‌ಡಿಯನ್ನೇ ಕೊಳ್ಳಿ.

ಬ್ಯಾಟರಿ ಇರುವ ಗಡಿಯಾರ ಚಿಪ್ ಇಲ್ಲದ ಅಗ್ಗದ ಬೋರ್ಡುಗಳು ವಿದ್ಯುತ್ ಹೋಗಿ ಬಂದಾಗ ಹಳೆಯ ದಿನಾಂಕದಲ್ಲಿ ಏಳುತ್ತವೆ. ಆಗ ಸರ್ವರ್‌ನ ಗುರುತು ಖಚಿತಪಡಿಸುವ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಕಂಡು ಟಿಎಲ್‌ಎಸ್ ಸಂಪರ್ಕವೇ ಆಗುವುದಿಲ್ಲ. ದೂರದಿಂದ ನೋಡುವವರಿಗೆ ಸಾಧನ ಸತ್ತಂತೆ ಕಾಣುತ್ತದೆ, ಸ್ಥಳಕ್ಕೆ ಹೋದವರಿಗೆ ಎಲ್ಲ ದೀಪಗಳೂ ಹಸಿರು. ಗಡಿಯಾರ ಚಿಪ್ ಸೇರಿಸಿ, ಸಮಯ ಹೊಂದಿಸಿಕೊಂಡ ಮೇಲೆಯೇ ಉಳಿದ ಸೇವೆಗಳು ಏಳುವಂತೆ ಮಾಡಿ. ಬದಲಿಗೆಂದು ಎತ್ತಿಟ್ಟ ಸಾಧನಗಳಲ್ಲೂ ಇದರದೇ ಇನ್ನೊಂದು ರೂಪ ಇದೆ: ಒಂದು ವರ್ಷ ಕಪಾಟಿನಲ್ಲಿ ಕೂತ ಸಾಧನದ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ, ಹೊಸದನ್ನು ಪಡೆಯಲು ಹಳೆಯದೇ ಬೇಕು ಎಂಬ ನಿಯಮ ಇದ್ದರೆ ಅಲ್ಲಿಗೆ ದಾರಿ ಮುಚ್ಚಿತು. ವೆಬ್‌ನ ಸಾರ್ವಜನಿಕ ಪ್ರಮಾಣಪತ್ರಗಳ ಗರಿಷ್ಠ ಅವಧಿ 2029ರ ಮಾರ್ಚ್ ವೇಳೆಗೆ ಹಂತಹಂತವಾಗಿ 47 ದಿನಕ್ಕೆ ಇಳಿಯಲಿದೆ. ಸಾಧನಗಳ ಗುರುತಿಗೆ ಪ್ರಮಾಣಪತ್ರ ಕೊಡುವ ನಿಮ್ಮದೇ ಖಾಸಗಿ ಪ್ರಾಧಿಕಾರ ಇಟ್ಟುಕೊಳ್ಳುವುದು ಕ್ಷೇಮ.

ಅಪ್‌ಡೇಟ್ ವಿಷಯದಲ್ಲಿ 2024ರ ಜುಲೈ 19ನ್ನು ಮರೆಯಬಾರದು. ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ಸಾಫ್ಟ್‌ವೇರ್‌ನ ಒಂದು ದೋಷಪೂರಿತ ಫೈಲ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಫೈಲನ್ನು 78 ನಿಮಿಷದಲ್ಲಿ ಹಿಂಪಡೆದರೂ ಬಿದ್ದ ಯಂತ್ರಗಳು ತಾವಾಗಿ ಏಳಲಿಲ್ಲ. ಬಹಳಷ್ಟು ಕಡೆ ಒಬ್ಬೊಬ್ಬರು ಒಂದೊಂದು ಯಂತ್ರದ ಮುಂದೆ ಕೂತು ಸೇಫ್ ಮೋಡ್‌ನಲ್ಲಿ ಫೈಲ್ ಅಳಿಸಬೇಕಾಯಿತು, ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಅದರ ಕೀಲಿಯನ್ನೂ ಹುಡುಕಬೇಕಾಯಿತು. ಚದುರಿದ ಯಂತ್ರಗಳ ಮೇಲೆ ತಪ್ಪು ಅಪ್‌ಡೇಟ್ ಎಂದರೆ ಇದು.

ಇದಕ್ಕೆ ಒಗ್ಗಿದ ಪರಿಹಾರ ಎರಡು ವಿಭಾಗಗಳ ವಿಧಾನ. ಡಿಸ್ಕ್‌ನಲ್ಲಿ ಎ ಮತ್ತು ಬಿ ಎಂದು ಎರಡು ಸಿಸ್ಟಂ ವಿಭಾಗ. ಎ ಓಡುತ್ತಿರುವಾಗ ಹೊಸದು ಬಿ ಮೇಲೆ ಬರೆಯಲ್ಪಡುತ್ತದೆ, ಸಹಿ ಪರಿಶೀಲನೆಯಾಗುತ್ತದೆ, ಸಾಧನ ಬಿಯಿಂದ ಏಳುತ್ತದೆ. ನಿಗದಿತ ನಿಮಿಷಗಳಲ್ಲಿ ‘ನಾನು ಸರಿಯಾಗಿದ್ದೇನೆ’ ಎಂದು ಅಪ್ಲಿಕೇಶನ್ ದೃಢಪಡಿಸದಿದ್ದರೆ ವಾಚ್‌ಡಾಗ್ (ಕಾವಲು ಗಡಿಯಾರ) ಸಾಧನವನ್ನು ಮರುಪ್ರಾರಂಭಿಸುತ್ತದೆ, ಬೂಟ್‌ಲೋಡರ್ (ಸಿಸ್ಟಂ ಎಬ್ಬಿಸುವ ಪುಟ್ಟ ಪ್ರೋಗ್ರಾಂ) ‘ಎ’ ವಿಭಾಗಕ್ಕೆ ಮರಳುತ್ತದೆ. ಮೆಂಡರ್, ರಾಕ್, ಎಸ್‌ಡಬ್ಲ್ಯುಅಪ್‌ಡೇಟ್ ಈ ಕೆಲಸಕ್ಕೆಂದೇ ಇರುವ ಮುಕ್ತ ತಂತ್ರಾಂಶಗಳು. ‘ಸರಿಯಾಗಿದ್ದೇನೆ’ ಎನ್ನಲು ಕ್ಲೌಡ್ ಸಂಪರ್ಕವೊಂದನ್ನೇ ಅಳತೆಗೋಲು ಮಾಡಿಕೊಂಡರೆ ಆ ಹೊತ್ತಿಗೆ ಇಂಟರ್ನೆಟ್ ಇಲ್ಲದ ಸ್ಥಳಗಳಲ್ಲಿ ಒಳ್ಳೆಯ ಅಪ್‌ಡೇಟ್ ಕೂಡ ಹಿಂದಕ್ಕೆ ಹೋಗುತ್ತದೆ. ಸಂಪರ್ಕದ ಪರೀಕ್ಷೆ ಪೂರ್ತಿ ಬಿಟ್ಟರೆ, ನೆಟ್‌ವರ್ಕ್ ಡ್ರೈವರನ್ನೇ ಕೆಡಿಸಿದ ಅಪ್‌ಡೇಟ್ ನೆಲೆಯೂರಿಬಿಡುತ್ತದೆ. ಸ್ಥಳೀಯ ಗೇಟ್‌ವೇ ಮುಟ್ಟುತ್ತಿದೆಯೇ ಎಂದು ನೋಡುವುದು ನಡುದಾರಿ. ಹಂಚುವಾಗ ಮೊದಲು ನೂರಕ್ಕೊಂದು, ಒಂದು ದಿನ ಕಾದು ಹತ್ತು, ಆಮೇಲೆ ಉಳಿದವು.

ಭದ್ರತೆಯಲ್ಲಿ ಕ್ಲೌಡ್ ಮತ್ತು ಎಡ್ಜ್ ನಡುವಿನ ಮುಖ್ಯ ವ್ಯತ್ಯಾಸ ಬಾಗಿಲು. ಡೇಟಾ ಸೆಂಟರಿಗೆ ಕಾವಲಿದೆ, ಕಂಬದ ಮೇಲಿನ ಬಾಕ್ಸ್ ಅನ್ನು ಯಾರಾದರೂ ಬಿಚ್ಚಿಕೊಂಡು ಹೋಗಬಹುದು. ಡಿಸ್ಕ್ ಎನ್‌ಕ್ರಿಪ್ಷನ್ ಇರಲಿ, ಕೀಲಿ ಅದನ್ನು ಕಾಪಾಡಲೆಂದೇ ಇರುವ ಟಿಪಿಎಂ ಚಿಪ್‌ನಲ್ಲಿರಲಿ, ಪ್ರತಿ ಸಾಧನಕ್ಕೂ ಬೇರೆ ಗುರುತು ಇರಲಿ. ಒಂದು ಕಳುವಾದರೆ ಅದೊಂದನ್ನೇ ರದ್ದು ಮಾಡಲು ಆಗಬೇಕು. 2016ರಲ್ಲಿ ಮಿರಾಯ್ ಬಾಟ್‌ನೆಟ್ (ವಶಪಡಿಸಿಕೊಂಡ ಸಾಧನಗಳ ದಾಳಿ ಜಾಲ), ಕಾರ್ಖಾನೆಯಲ್ಲೇ ಇಟ್ಟ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಪ್ರಯತ್ನಿಸಿಯೇ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರುಗಳನ್ನು ವಶಪಡಿಸಿಕೊಂಡಿತ್ತು. ಹೊರಗಿನಿಂದ ಒಳಬರುವ ಪೋರ್ಟ್ ಒಂದನ್ನೂ ತೆರೆಯಬೇಡಿ. ಸಾಧನವೇ ಹೊರಗೆ ಸಂಪರ್ಕ ಮಾಡಿ ಆ ದಾರಿಯಲ್ಲೇ ಆದೇಶ ಪಡೆಯಲಿ.

ಇನ್ನು ಹಣದ ಮಾತು. ಕ್ಲೌಡ್‌ನ ಆರ್ಥಿಕತೆ ನಿಂತಿರುವುದು ಎಲ್ಲರ ಗರಿಷ್ಠ ಬೇಡಿಕೆ ಒಂದೇ ಹೊತ್ತಿಗೆ ಬರುವುದಿಲ್ಲ ಎಂಬುದರ ಮೇಲೆ. ಎಡ್ಜ್‌ನಲ್ಲಿ ಪ್ರತಿ ಸ್ಥಳವೂ ತನ್ನ ಗರಿಷ್ಠ ಬೇಡಿಕೆಗೆ ತಕ್ಕ ಯಂತ್ರ ಇಟ್ಟುಕೊಳ್ಳಬೇಕು, ದಿನಕ್ಕೆ ಎರಡು ಗಂಟೆಯ ಕೆಲಸಕ್ಕೂ. ಒಂದು ಕೆಟ್ಟರೆ ಇನ್ನೊಂದು ಬೇಕೆಂದರೆ 200 ಸ್ಥಳಕ್ಕೆ 400 ಬಾಕ್ಸ್. ವರ್ಷಕ್ಕೆ ನೂರಕ್ಕೆ ಮೂರು ಕೆಟ್ಟವು ಎಂದುಕೊಂಡರೂ 12 ಸಲ ಯಾರಾದರೂ ಹೋಗಿ ಬದಲಾಯಿಸಬೇಕು. ಆ ಓಡಾಟದ ಖರ್ಚು ಯಂತ್ರದ ಬೆಲೆಯನ್ನು ಮೀರುವುದು ಅಪರೂಪವೇನಲ್ಲ. ಕ್ಲೌಡ್ ಕಡೆಗೂ ಅದರದೇ ಬಲೆ ಇದೆ: ಡೇಟಾ ಒಳಗೆ ಹಾಕಲು ಸಾಮಾನ್ಯವಾಗಿ ಶುಲ್ಕವಿಲ್ಲ, ಹೊರಗೆ ತೆಗೆಯಲು ಇದೆ. ವೀಡಿಯೊವನ್ನೆಲ್ಲ ಮೇಲೆ ಕಳಿಸಿ ದಿನವೂ ಮತ್ತೆ ಕೆಳಗಿಳಿಸಿ ನೋಡುವ ವಿನ್ಯಾಸದಲ್ಲಿ ಬಿಲ್ ಬೆಳೆಯುವುದು ಅಲ್ಲಿ.

ಹೀಗಾಗಿ ನಮ್ಮ ಸಲಹೆ ಪಕ್ಷಪಾತದ್ದೇ: ಎಲ್ಲವನ್ನೂ ಕ್ಲೌಡ್‌ನಲ್ಲಿ ಎಂದು ಶುರು ಮಾಡಿ, ಅಲ್ಲಿರಲಾಗದ ತೀರ್ಮಾನಗಳನ್ನು ಮಾತ್ರ ಕೆಳಗೆ ತನ್ನಿ. ಗಡುವು ಜಾಲದ 99.9ನೇ ಪರ್ಸೆಂಟೈಲ್‌ಗಿಂತ ಚಿಕ್ಕದಾಗಿದ್ದರೆ, ಡೇಟಾ ಸಂಪರ್ಕಕ್ಕಿಂತ ದೊಡ್ಡದಾಗಿದ್ದರೆ, ಸಂಪರ್ಕ ಇಲ್ಲದಾಗಲೂ ಕೆಲಸ ನಡೆಯಲೇಬೇಕಾದರೆ, ಅಥವಾ ಡೇಟಾ ಸ್ಥಳ ಬಿಟ್ಟು ಹೋಗುವಂತಿಲ್ಲವಾದರೆ ಕೆಳಗೆ ತರಬೇಕು. ಯಂತ್ರವನ್ನು ತುರ್ತಾಗಿ ನಿಲ್ಲಿಸುವ ಸ್ವಿಚ್‌ನಂಥ ಸುರಕ್ಷತೆಯ ಕೆಲಸ ಎಡ್ಜ್ ಸರ್ವರ್‌ನಲ್ಲೂ ಇರಬಾರದು, ಅದು ಪಿಎಲ್‌ಸಿ (ಯಂತ್ರ ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಮತ್ತು ತಂತಿಯಲ್ಲೇ ಇರಬೇಕು.

ಹಂಚಿಕೆ ಮುಗಿದ ಮೇಲೆ ಪರೀಕ್ಷೆ. ಕೆಲಸದ ದಿನ ಹೊರಗಿನ ಕೇಬಲ್ ಕಿತ್ತು ನಾಲ್ಕು ಗಂಟೆ ಬಿಡಿ, ಆ ನಡುವೆ ಒಮ್ಮೆ ಬಾಕ್ಸ್‌ನ ವಿದ್ಯುತ್ತನ್ನೂ ತೆಗೆದು ಹಾಕಿ. ಮಾದರಿ ಓಡುತ್ತಿರುತ್ತದೆ, ಡೇಟಾ ಕೂಡುತ್ತಿರುತ್ತದೆ, ಆದರೆ ಆಪರೇಟರ್ ಪರದೆಗೆ ಲಾಗಿನ್ ಆಗಲು ಆಗದಿರಬಹುದು, ಏಕೆಂದರೆ ಲಾಗಿನ್ ಪರಿಶೀಲನೆ ಕ್ಲೌಡ್‌ನಲ್ಲಿದೆ. ಏಳುವಾಗ ಪರವಾನಗಿ ಪರೀಕ್ಷಿಸುವ ಸಾಫ್ಟ್‌ವೇರ್, ಹೊರಗಿನ ಡಿಎನ್‌ಎಸ್‌ಗೆ ಕೇಳುವ ಒಳಗಿನ ಸೇವೆ, ಕಂಟೇನರ್ ಇಮೇಜನ್ನು (ಸಾಫ್ಟ್‌ವೇರ್ ಪೊಟ್ಟಣ) ಪ್ರತಿ ಸಲ ಹೊಸದಾಗಿ ಇಳಿಸಿಕೊಳ್ಳಬೇಕೆಂದು ಬರೆದ ಸಾಲು, ಎಲ್ಲವೂ ಆಗಲೇ ಹೊರಬೀಳುವುದು. ಆಮೇಲೆ ಕೇಬಲ್ ಮತ್ತೆ ಹಾಕಿ, ಈ ಸಲ ಜಾಲದ ತೊಂದರೆಗಳನ್ನು ಅನುಕರಿಸುವ ಲಿನಕ್ಸ್‌ನ ನೆಟ್‌ಎಮ್ ಬಳಸಿ 300 ಮಿಲಿಸೆಕೆಂಡ್ ವಿಳಂಬವನ್ನೂ ಶೇಕಡ 5 ಪ್ಯಾಕೆಟ್ ನಷ್ಟವನ್ನೂ ಸೇರಿಸಿ ಇನ್ನೊಂದು ಗಂಟೆ ಓಡಿಸಿ. ಪೂರ್ತಿ ಸತ್ತ ಸಂಪರ್ಕವನ್ನು ತಡೆದುಕೊಳ್ಳುವ ಸಾಫ್ಟ್‌ವೇರ್ ಅರೆಜೀವದ ಸಂಪರ್ಕದ ಮುಂದೆ ಮಂಡಿಯೂರುವುದು ಹೆಚ್ಚು: ಪ್ರತಿ ಕರೆಯೂ 30 ಸೆಕೆಂಡಿನ ಟೈಮ್‌ಔಟ್ ಮುಗಿಯುವವರೆಗೆ ಒಂದು ಥ್ರೆಡ್ (ಪ್ರೋಗ್ರಾಮಿನೊಳಗಿನ ಕೆಲಸದ ಎಳೆ) ಹಿಡಿದು ಕೂರುತ್ತದೆ, ಥ್ರೆಡ್‌ಗಳೆಲ್ಲ ಮುಗಿದಾಗ ಸ್ಥಳೀಯ ಕೆಲಸವೂ ನಿಲ್ಲುತ್ತದೆ. ಟೈಮ್‌ಔಟನ್ನು 2 ಸೆಕೆಂಡಿಗೆ ಇಳಿಸಿ, ಸತತ ಐದು ಸಲ ವಿಫಲವಾದರೆ ಒಂದು ನಿಮಿಷ ಕ್ಲೌಡನ್ನು ಕರೆಯುವುದನ್ನೇ ನಿಲ್ಲಿಸುವ ಸರ್ಕ್ಯೂಟ್ ಬ್ರೇಕರ್ ಹಾಕಿ, ಕ್ಲೌಡ್ ಕರೆಗಳಿಗೂ ಸ್ಥಳೀಯ ಕೆಲಸಕ್ಕೂ ಬೇರೆ ಬೇರೆ ಥ್ರೆಡ್ ಗುಂಪು ಕೊಟ್ಟು ಮತ್ತೆ ಓಡಿಸಿ ನೋಡಿ.